ಸಿಸ್ಟರ್ ಸಿಟಿ ಅಂದ್ರೆ ಬರೀ ಫೋಟೊನಾ? ಮೈಸೂರು, ಮಂಡ್ಯದ ಓದುಗರಿಗೆ ಉತ್ತರ

ಪ್ರಶ್ನೆ: ಮೈಸೂರಿಗೂ ಅಮೆರಿಕದ ಸಿನ್ಸಿನಾಟಿಗೂ ಸಿಸ್ಟರ್ ಸಿಟಿ ನಂಟು ಇದೆ ಎಂದು ಓದಿದೆ. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಅದರಿಂದ ಏನಾದರೂ ಆಗಿದ್ದು ಕಣ್ಣಿಗೆ ಬಿದ್ದಿಲ್ಲ. ವಿದೇಶದ ವ್ಯವಹಾರ ದೆಹಲಿಯ ಕೆಲಸ ಅಲ್ವಾ? ನಮ್ಮಂಥ ಊರು ಇದರಲ್ಲಿ ಏನು ಮಾಡೀತು?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಹೌದು ಸಾರ್, ದೆಹಲಿಯ ಕೆಲಸವೇ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿದೇಶಾಂಗ ವ್ಯವಹಾರ ಕೇಂದ್ರದ ಪಟ್ಟಿಗೆ ಸೇರಿದೆ. ಪಾಲಿಕೆ ಇನ್ನೊಂದು ದೇಶದ ಊರಿನ ಜೊತೆ ಸಿಸ್ಟರ್ ಸಿಟಿ ಅಂತ ಗೆಳೆತನದ ಕಾಗದ ಮಾಡಿಕೊಳ್ಳಬೇಕಾದರೆ ರಾಜ್ಯ ಸರ್ಕಾರದ ಮೂಲಕ ಹೋಗಿ ದೆಹಲಿಯ ಒಪ್ಪಿಗೆ ತರಬೇಕು. ಅದು ತೀರಾ ದೊಡ್ಡ ಅಡ್ಡಿಯೇನಲ್ಲ. 2014ರಲ್ಲಿ ವಿದೇಶಾಂಗ ಸಚಿವಾಲಯವೇ ರಾಜ್ಯಗಳ ಕೆಲಸಕ್ಕೆ ಅಂತ ಒಂದು ವಿಭಾಗ ತೆರೆಯಿತು.

ಆದರೆ ದೊರೆ ದೊರೆಯ ಜೊತೆ ಮಾತಾಡುವುದು ಒಂದು, ಊರಿನ ಜನ ಹೊರಗಿನ ಜನರ ವಿಶ್ವಾಸ ಗಳಿಸುವುದು ಇನ್ನೊಂದು. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿಗೆ ಹೋಗಿ ಹದಿನಾರನೇ ಲೂಯಿಯನ್ನು ಕಂಡರಲ್ಲ, ಅದು ಮೊದಲನೆಯದು. ಎರಡನೆಯದಕ್ಕೂ ನಮ್ಮ ಸೀಮೆಯದೇ ಒಂದು ಕಥೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಟೋಕಿಯೊದ ಉಯೆನೊ ಮೃಗಾಲಯ ತನ್ನ ಆನೆಗಳನ್ನು ಕಳೆದುಕೊಂಡಿತ್ತು. ಅಲ್ಲಿನ ಮಕ್ಕಳು ನಮಗೊಂದು ಆನೆ ಕೊಡಿ ಎಂದು ನೆಹರೂ ಅವರಿಗೆ ಪತ್ರ ಬರೆದರು. 1949ರಲ್ಲಿ ನೆಹರೂ ಆನೆಯೊಂದಕ್ಕೆ ತಮ್ಮ ಮಗಳ ಹೆಸರಿಟ್ಟು ಕಳಿಸಿದರು, ಆ ಇಂದಿರಾ ಹೋದದ್ದು ಮೈಸೂರಿನಿಂದ. ಪಬ್ಲಿಕ್ ಡಿಪ್ಲೊಮಸಿ ಅನ್ನುವುದು ಇದಕ್ಕೇ. ಆ ಮಕ್ಕಳಿಗೆ ಭಾರತ ಅಂದರೆ ಯಾವ ಒಪ್ಪಂದವೂ ನೆನಪಿಗೆ ಬಂದಿರಲಾರದು, ಆನೆ ಬಂದಿರುತ್ತದೆ.

ಇನ್ನು ಸಿಸ್ಟರ್ ಸಿಟಿ. ಯುರೋಪಿನಲ್ಲಿ ಯುದ್ಧ ಮುಗಿದು ಐದು ವರ್ಷವಾಗಿತ್ತು ಅಷ್ಟೆ, 1950ರಲ್ಲಿ ಫ್ರಾನ್ಸಿನ ಮಾಂಬೆಲ್ಯಾರ್ ಮತ್ತು ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಕೈಜೋಡಿಸಿದವು. ಎರಡೂ ರಾಜಧಾನಿಗಳಲ್ಲ, ನಮ್ಮ ಲೆಕ್ಕದಲ್ಲಿ ಸಣ್ಣ ಊರುಗಳೇ. ಅಮೆರಿಕದಲ್ಲಿ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಇದನ್ನೊಂದು ದೊಡ್ಡ ಕಾರ್ಯಕ್ರಮವನ್ನೇ ಮಾಡಿದರು. ಇಂಥ ನಂಟು ಬಾಳಿದ ಎಷ್ಟೋ ಕಡೆ ಶಾಲೆಯ ಮಕ್ಕಳು ಆ ಊರಿಗೆ ಹೋಗಿ ಅಲ್ಲಿನವರ ಮನೆಯಲ್ಲೇ ಉಳಿದು ಊಟ ಮಾಡಿ ಬಂದಿದ್ದಾರೆ, ಆಮೇಲೆ ಅವರ ಮಕ್ಕಳು ಇವರ ಮನೆಗೆ ಬಂದಿದ್ದಾರೆ.

ನಮ್ಮಲ್ಲಿ ಏನಾಗುತ್ತದೆ ಅಂದರೆ, ಮೇಯರ್ ಕುರ್ಚಿಯ ಅವಧಿ ಒಂದೇ ವರ್ಷ ಅಂತ ನಡೆದುಕೊಂಡು ಬಂದಿದೆ. ಒಬ್ಬರು ಪೇಟ ತೊಡಿಸಿ ಸಹಿ ಹಾಕುತ್ತಾರೆ, ಮುಂದಿನವರಿಗೆ ಅದು ತಮ್ಮ ಕೆಲಸ ಅನ್ನಿಸುವುದೇ ಇಲ್ಲ. ಒಂದು ಊರಿನ ಕಚೇರಿಯಲ್ಲಿ (ಹೆಸರು ಬೇಡ ಬಿಡಿ) ಇಂಥ ಒಪ್ಪಂದದ ಫೋಟೊ ಗೋಡೆಯ ಮೇಲಿತ್ತು. ಕಡತ ಎಲ್ಲಿ ಎಂದು ಕೇಳಿದೆ. ಮೂರು ಟೇಬಲ್ ಸುತ್ತಿಸಿ ಕೊನೆಗೆ ಟೀ ಕೊಟ್ಟು ಕಳಿಸಿದರು.

ಅದಕ್ಕೇ ನನ್ನ ಸಲಹೆ, ಸಹಿಯಿಂದ ಶುರು ಮಾಡಬೇಡಿ, ಈಗಾಗಲೇ ಬಂದುಹೋಗುತ್ತಿರುವ ಜನರಿಂದ ಶುರು ಮಾಡಿ. ಗೋಕುಲಂ ಕಡೆ ಬೆಳಗ್ಗೆ ಒಂದು ಸುತ್ತು ಹೋಗಿ ಬನ್ನಿ. ನಾಲ್ವಡಿಯವರ ಆಶ್ರಯದಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಕಲಿಸಿದ ಯೋಗ, ಅವರ ಶಿಷ್ಯ ಪಟ್ಟಾಭಿ ಜೋಯಿಸರ ಮೂಲಕ ಎಷ್ಟು ದೂರ ಹೋಯಿತೆಂದರೆ, ಇವತ್ತು ಎಷ್ಟೋ ದೇಶಗಳ ಯೋಗಶಾಲೆಗಳಲ್ಲಿ ‘ಮೈಸೂರು ಸ್ಟೈಲ್’ ಎಂಬ ಕ್ಲಾಸೇ ಇದೆ. ಕಾಸು ಖರ್ಚಿಲ್ಲದೆ ಸಿಕ್ಕ ಹೆಸರು! ಕಲಿಯಲು ಬಂದವರು ತಿಂಗಳುಗಟ್ಟಲೆ ಇಲ್ಲೇ ಬಾಡಿಗೆಗೆ ಇರುತ್ತಾರೆ, ಎಳನೀರು ಕುಡಿದು, ಆಟೊದವರ ಜೊತೆ ಚೌಕಾಸಿ ಕಲಿತು ಹೊರಡುತ್ತಾರೆ. ಊರಿನ ಪರವಾಗಿ ಒಬ್ಬರಾದರೂ ಅವರನ್ನು ಕೂರಿಸಿಕೊಂಡು ‘ನಿಮ್ಮೂರು ಯಾವುದು, ಅಲ್ಲಿ ಏನಿದೆ’ ಎಂದು ಕೇಳಿದ್ದಾರಾ?

ಸಿಎಫ್‌ಟಿಆರ್‌ಐ (ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ) ಕಥೆಯೂ ಅಷ್ಟೇ. ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ನೆರವಿನಿಂದ 1960ರ ದಶಕದಲ್ಲಿ ಅಲ್ಲೊಂದು ಅಂತರರಾಷ್ಟ್ರೀಯ ತರಬೇತಿ ಕೇಂದ್ರವೇ ಶುರುವಾಯಿತು. ಅಲ್ಲಿ ಕಲಿತು ಹೋದವರು, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದಿ ಹೋದವರು ತಮ್ಮ ದೇಶದಲ್ಲಿ ಈಗ ಯಾವ ಯಾವ ಹುದ್ದೆಯಲ್ಲಿದ್ದಾರೋ. ಅವರ ವಿಳಾಸ ಒಂದು ಕಡೆ ಸೇರಿಸಿ, ವರ್ಷಕ್ಕೊಮ್ಮೆ ದಸರೆಗೆ ಕರೆದರೆ ಸಾಕು. ಆ ವಿಳಾಸದ ಪುಸ್ತಕ ಮಾತ್ರ ಮೇಯರ್ ಹತ್ತಿರ ಇರಬಾರದು, ಬದಲಾಗದ ಯಾವುದಾದರೂ ಸಂಸ್ಥೆಯಲ್ಲಿರಲಿ.

ಟಿಬೆಟನ್ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆಯನ್ನು ಇದರಲ್ಲಿ ಯಾಕೆ ಸೇರಿಸಲಿಲ್ಲ ಎಂದು ನೀವು ಕೇಳಬಹುದು. ಅದು ಟಿಬೆಟ್, ಚೀನಾದ ವಿಷಯ, ಪಾಲಿಕೆ ಕೈಹಾಕದೆ ದೆಹಲಿಗೇ ಬಿಡುವುದು ಒಳ್ಳೆಯದು.

ನಗರವೇ ಅರ್ಜಿ ಹಾಕುವ ದಾರಿಯೂ ಒಂದಿದೆ, ಯುನೆಸ್ಕೊದ ಸೃಜನಶೀಲ ನಗರಗಳ ಜಾಲ. ಪಕ್ಕದ ಕೋಝಿಕ್ಕೋಡ್ 2023ರಲ್ಲಿ ಸಾಹಿತ್ಯ ನಗರ ಎಂದು ಸೇರಿಕೊಂಡಿತು, ಭಾರತದಿಂದ ಆ ವಿಭಾಗಕ್ಕೆ ಅದೇ ಮೊದಲು. ಕರಕುಶಲದಲ್ಲಿ ಜೈಪುರ 2015ರಲ್ಲಿ, ಶ್ರೀನಗರ 2021ರಲ್ಲಿ ಸೇರಿದವು. ಮೈಸೂರಿಗೆ ಬೀಟೆ ಮರದ ಕುಸುರಿ, ಗಂಜೀಫಾ (ಚಿತ್ರ ಬರೆದ ಆಟದ ಎಲೆ), ಸಾಂಪ್ರದಾಯಿಕ ಚಿತ್ರಕಲೆ ಮೂರಕ್ಕೂ ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಗುರುತು ಇದೆ. ಅರ್ಜಿ ಬರೆಯಲು ಇದಕ್ಕಿಂತ ಜಾಸ್ತಿ ಏನು ಬೇಕು?

ಪ್ರಶ್ನೆ: ಮೈಸೂರಿಗೆ ಅರಮನೆ ಇದೆ, ಯೋಗ ಇದೆ. ನಮ್ಮ ಮಂಡ್ಯದಲ್ಲಿ ಕಬ್ಬು, ರಾಗಿ ಬಿಟ್ಟರೆ ಏನಿದೆ? ಯಾವ ವಿದೇಶದವರು ನಮ್ಮನ್ನು ಕೇಳುತ್ತಾರೆ?
(ಓದುಗರು, ಮಂಡ್ಯ)

ಉತ್ತರ: ಕಬ್ಬು, ರಾಗಿ ಎರಡರಲ್ಲೂ ವಿದೇಶ ಇದೆಯಲ್ಲ! 1930ರ ದಶಕದಲ್ಲಿ ನಿಮ್ಮ ಸಕ್ಕರೆ ಕಾರ್ಖಾನೆ ಹುಟ್ಟಲು ಮುಖ್ಯ ಕಾರಣರಾದ ಲೆಸ್ಲಿ ಕೋಲ್ಮನ್ ಕೆನಡಾದವರು.

ರಾಗಿಯ ಕಥೆ ಇನ್ನೂ ಚೆನ್ನಾಗಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಹೊಸ ತಳಿಗಳನ್ನು ತಂದರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ‘ಇಂಡಾಫ್’. ನಿಮ್ಮ ಅಜ್ಜ ಇಂಡಾಫ್ ಬಿತ್ತಿದ್ದರೆ ಎರಡು ಖಂಡದ ನಂಟನ್ನೇ ಬಿತ್ತಿದ್ದರು ಅನ್ನಿ. ರಾಗಿಯ ತವರು ಪೂರ್ವ ಆಫ್ರಿಕಾದ ಬೆಟ್ಟಸೀಮೆ. ಕೀನ್ಯಾದವರು ಅದೇ ಹಿಟ್ಟಿನಿಂದ ‘ಉಜಿ’ ಅನ್ನುವ ಗಂಜಿ ಮಾಡಿ ಕುಡಿಯುತ್ತಾರೆ, ನಮ್ಮ ಅಂಬಲಿಗೆ ಹತ್ತಿರದ ನೆಂಟ.

ಹಾಗಾಗಿ ಮಂಡ್ಯ ಅಮೆರಿಕದ ಊರು ಹುಡುಕುವ ಗೋಜಿಗೇ ಹೋಗಬಾರದು. ಪಶ್ಚಿಮ ಕೀನ್ಯಾದ ರಾಗಿ ಬೆಳೆಯುವ ಒಂದು ಜಿಲ್ಲೆಗೆ ಬರೆಯಿರಿ. ಬೀಜದ ವಿಚಾರ ವಿಜ್ಞಾನಿಗಳು ನೋಡಿಕೊಳ್ಳಲಿ, ಅದಕ್ಕೆ ಬೇರೆ ಕಾನೂನು ಇದೆ. ರೈತ ಮಹಿಳಾ ಸಂಘಗಳು ವಿಡಿಯೊದಲ್ಲಿ ಮುಖಾಮುಖಿಯಾಗಿ, ಇವರು ಮುದ್ದೆ ತಿರುವುವುದನ್ನು ತೋರಿಸಲಿ, ಅವರು ಉಜಿ ಕಾಸುವುದನ್ನು ತೋರಿಸಲಿ. ವಿದೇಶದ ಅಧಿಕಾರಿಗಳಿಗೆ ತರಬೇತಿ ಕೊಡುವ ಐಟೆಕ್ ಎಂಬ ಕೇಂದ್ರದ ಯೋಜನೆ 1964ರಿಂದ ಇದೆ. ರಾಗಿಯದೇ ಒಂದು ಕೋರ್ಸ್ ಮಂಡ್ಯದಲ್ಲಿ ಬೇಕೆಂದು ನಿಮ್ಮ ಸಂಸದರನ್ನು ಕೇಳಿ. ಪುಕ್ಕಟೆ ಸಲಹೆ, ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಪ್ರಶ್ನೆ: ನಾನು ಡಿಗ್ರಿ ವಿದ್ಯಾರ್ಥಿನಿ. ಕೈಯಲ್ಲಿ ದುಡ್ಡಿಲ್ಲ, ಪರಿಚಯದವರಿಲ್ಲ. ಗೆಳತಿಯರು ಸೇರಿ ಏನಾದರೂ ಮಾಡಬಹುದಾ?
(ಓದುಗರು, ಸರಸ್ವತಿಪುರಂ, ಮೈಸೂರು)

ಉತ್ತರ: ಮಾಡಬಹುದಮ್ಮ. ಐಸಿಸಿಆರ್ (ಕೇಂದ್ರದ ಸಾಂಸ್ಕೃತಿಕ ಸಂಬಂಧಗಳ ಮಂಡಳಿ) ಕೊಡುವ ವಿದ್ಯಾರ್ಥಿವೇತನದಲ್ಲಿ ಹೊರದೇಶಗಳಿಂದ ಓದಲು ಬಂದ ಹುಡುಗ ಹುಡುಗಿಯರು ಊರಲ್ಲೇ ಇರುತ್ತಾರೆ. ದಸರಾ ರಜೆಯಲ್ಲಿ ಎಲ್ಲರೂ ಮನೆಗೆ ಹೋದಾಗ ಅವರು ಹಾಸ್ಟೆಲಿನಲ್ಲಿ ಒಂಟಿ. ಗೊಂಬೆ ಕೂರಿಸಿದ ಮನೆಗೆ ಒಂದು ಸಂಜೆ ಕರೆಯಿರಿ. ಸುಮ್ನೆ ಭಾಷಣ ಇಡಬೇಡಿ, ಚರುಪು ಕೊಟ್ಟು ಮಾತಾಡಿಸಿ.

ಎರಡು ಎಚ್ಚರಿಕೆ. ಹೊರದೇಶದ ಗೆಳೆಯರು ನಿಮ್ಮ ಸಂಘಕ್ಕೆ ದುಡ್ಡು ಕಳಿಸುತ್ತೇವೆ ಅಂದರೆ ಬೇಡ ಅನ್ನಿ, 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಅನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಹೊರದೇಶದವರು ಯಾರಾದರೂ ನಿಮ್ಮ ಮನೆಯಲ್ಲೇ ರಾತ್ರಿ ಉಳಿದರೆ 24 ಗಂಟೆಯೊಳಗೆ ಮನೆ ಯಜಮಾನರು ಆನ್‌ಲೈನಿನಲ್ಲಿ ಅವರ ವಿವರದ ‘ಫಾರಂ 3’ (2025ರ ತನಕ ಇದು ‘ಫಾರಂ ಸಿ’) ತುಂಬಬೇಕು. ಅಪ್ಪನಿಗೆ ಮೊದಲೇ ಹೇಳಿಡಿ, ಆಮೇಲೆ ಬೈಸಿಕೊಳ್ಳಬೇಡಿ.