ಗೋಲದ ನಡುವಿನ ಬುಟ್ಟಿ

ಅಕ್ಕೋರೇ, ನಮಸ್ಕಾರ.

ಇಂಗ್ಲಿಷಿನ ದಿಸ್, ದ್ಯಾಟ್, ದೀಸ್, ದೋಸ್ ಕಲಿಸುವ ಆಟದ ಬಗ್ಗೆ ಕಾರವಾರದಿಂದ ನೀವು ಕಳಿಸಿದ ಲೇಖನ ಓದಿದೆ. ಬರಹ ತಿಳಿಯಾಗಿದೆ. ಮಕ್ಕಳೇ ಕಡಲ ದಂಡೆಯಿಂದ ಹೆಕ್ಕಿ ತಂದ ಚಿಪ್ಪಿಗಳನ್ನು ಪಾಠಕ್ಕೆ ತಂದದ್ದು ಇಷ್ಟವಾಯಿತು. ಆದರೆ ಆಟದ ಎರಡು ಸಾಲು ನನ್ನನ್ನು ಬಹಳ ಕಾಡಿದವು.

“ಮಕ್ಕಳು ಗೋಲಾಗಿ ಕೂರಲಿ, ನಡುವೆ ಚಿಪ್ಪಿಯ ಬುಟ್ಟಿ ಇರಲಿ” ಎಂದಿದ್ದೀರಿ. ಆಟದ ಲೇಖನ ಬಂದರೆ ಮೇಜಿನ ಮೇಲೆ ಹುಣಸೆಬೀಜ ಇಟ್ಟು ಆಡಿ ನೋಡದೆ ಅಚ್ಚಿಗೆ ಬಿಡದ ಹಿರಿಯರ ಕೈಕೆಳಗೆ ನಾನು ಈ ಸಂಪಾದಕರ ಕೆಲಸ ಕಲಿತದ್ದು. ಹಾಗೇ ಇಟ್ಟು ನೋಡಿದೆ. ನಡುವಿನ ಬುಟ್ಟಿ ಎಲ್ಲರಿಗೂ ಒಂದೇ ದೂರ. ಒಬ್ಬರಿಗೆ ಹತ್ತಿರ, ಇನ್ನೊಬ್ಬರಿಗೆ ದೂರ ಇದ್ದರೆ ತಾನೇ ದಿಸ್ ಬೇರೆ, ದ್ಯಾಟ್ ಬೇರೆ ಆಗುವುದು?

ಮುಂದಿನ ಸಾಲು ಇನ್ನೂ ಕಷ್ಟ. “ಶಿಕ್ಷಕಿ ಚಿಪ್ಪಿ ಎತ್ತಿ ಹಿಡಿದು ‘ವಾಟ್ ಈಸ್ ದಿಸ್?’ ಎನ್ನಬೇಕು, ಮಕ್ಕಳೆಲ್ಲ ‘ದಿಸ್ ಈಸ್ ಎ ಶೆಲ್’ ಎನ್ನಬೇಕು.” ಚಿಪ್ಪಿ ಇರುವುದು ನಿಮ್ಮ ಕೈಯಲ್ಲಿ. ಗೋಲದಲ್ಲಿ ನಿಮ್ಮೆದುರು ದೂರ ಕೂತ ಮಗುವಿಗೆ ಅದು ‘ದ್ಯಾಟ್’. ಪ್ರಶ್ನೆಗೆ ಸಹಜ ಉತ್ತರ ‘ಇಟ್ ಈಸ್ ಎ ಶೆಲ್’. ನಿಮ್ಮ ಮಾತನ್ನೇ ತಿರುಗಿ ಒಪ್ಪಿಸುವ ಮಗು ಕೇಳಿದ ಶಬ್ದ ಹಿಡಿಯುತ್ತದೆ, ದೂರವನ್ನಲ್ಲ. ಹತ್ತಿರ–ದೂರ ಮಕ್ಕಳಿಗೆ ಹೊಸತೇನಲ್ಲ. ಕನ್ನಡದಲ್ಲಿ ಇದು–ಅದು, ಮನೆಯ ಕೊಂಕಣಿಯಲ್ಲಿ ಹೆಂ–ತೆಂ ಮೊದಲೇ ಗೊತ್ತು. ಆ ತಿಳಿವಳಿಕೆಗೆ ಇಂಗ್ಲಿಷ್ ಶಬ್ದ ಅಂಟಬೇಕು, ಅಷ್ಟೆ.

ಗೋಲ ಬಿಡಿ. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಇಬ್ಬಿಬ್ಬರ ಜೋಡಿ ಮಾಡಿ: ಒಂದು ಮಗು ಗೆರೆಯ ಮೇಲೆ, ಜೊತೆಗಾರ ಹತ್ತು ಹೆಜ್ಜೆ ಆಚೆ. ಚಿಪ್ಪಿ ಗೆರೆಯ ಮೇಲೆ, ಒಂದೇ ಒಂದು. ಮುಟ್ಟಿದವರು ‘ದಿಸ್ ಈಸ್ ಎ ಶೆಲ್’, ಬೆರಳು ತೋರಿಸಿದವರು ‘ದ್ಯಾಟ್ ಈಸ್ ಎ ಶೆಲ್’. ಆಮೇಲೆ ಜಾಗ ಅದಲು ಬದಲು. ಚಿಪ್ಪಿ ಅಲ್ಲೇ ಇದೆ, ತನ್ನ ಬಾಯಿಯ ಶಬ್ದ ಮಾತ್ರ ಬದಲಾಯಿತು ಎಂದು ಮಗುವಿಗೆ ಹೊಳೆಯುವುದು ಈ ಅದಲು ಬದಲಿನಲ್ಲೇ. ಅದನ್ನು ಅವಸರದಲ್ಲಿ ಮುಗಿಸಬೇಡಿ. ನಿಮ್ಮ 24 ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದರೆ, ತಲಾ ಅರ್ಧ ನಿಮಿಷವೆಂದರೂ 12 ನಿಮಿಷಕ್ಕೆ ಪ್ರತಿಯೊಬ್ಬರ ಬಾಯಲ್ಲಿ ಒಂದೊಂದೇ ವಾಕ್ಯ. 12 ಜೋಡಿ ಒಟ್ಟಿಗೆ ಆಡಿದರೆ ಗಲಾಟೆ ಆಗುತ್ತದೆ. ಆಗಲಿ.

ನಾಲ್ಕೂ ಶಬ್ದಗಳನ್ನು ಒಂದೇ ದಿನ ತುಂಬಬೇಡಿ. ಮೊದಲೆರಡು ದಿನ ದಿಸ್–ದ್ಯಾಟ್ ಸಾಕು. ಮೂರನೇ ದಿನ ದೀಸ್–ದೋಸ್‌ಗಾಗಿ ಒಂದು ಗರಟೆಯಲ್ಲಿ ಒಂದು ಚಿಪ್ಪಿ, ಇನ್ನೊಂದರಲ್ಲಿ ನಾಲ್ಕು.

ಇಲ್ಲಿ ನಿಮ್ಮ ಪಟ್ಟಿಯೂ ಎಡವಿಸುತ್ತದೆ. ‘ದಿಸ್ ಅಂದರೆ ಇದು, ದೀಸ್ ಅಂದರೆ ಇವು’ ಎಂದು ಬರೆದಿದ್ದೀರಿ. ಆದರೆ ಮುಂದೆ ನಾಮಪದ ಬಂದರೆ ಕನ್ನಡದಲ್ಲಿ ಎರಡಕ್ಕೂ ‘ಈ’ ಒಂದೇ: ಈ ಚಿಪ್ಪಿ, ಈ ಚಿಪ್ಪಿಗಳು. ಅದಕ್ಕೇ ಮಕ್ಕಳು ‘ದಿಸ್ ಶೆಲ್ಸ್’ ಅನ್ನುತ್ತಾರೆ. ಪಟ್ಟಿ ತೆಗೆದು ‘ದಿಸ್ ಶೆಲ್, ದೀಸ್ ಶೆಲ್ಸ್’ ಎಂದು ಜೋಡಿಯಾಗಿಯೇ ಹೇಳಿಸಿ. ದಿನ–ದೀನ ಹೇಳಬಲ್ಲ ನಾಲಿಗೆಗೆ ದಿಸ್–ದೀಸ್‌ನ ಹ್ರಸ್ವ, ದೀರ್ಘ ಕಷ್ಟವಲ್ಲ. ನೀವು ಬರೆಯುವಾಗ ಎರಡು ಕಡೆ ದೀಸ್ ಹೋಗಿ ದಿಸ್ ಆಗಿದೆ, ತಿದ್ದಿ.

ಗೆರೆ ಎಳೆದು ಒಂದು ವಾರ ಆಡಿಸಿ. ಯಾವ ಮಗು ಎಲ್ಲಿ ತಡವರಿಸಿತು ಎಂಬುದನ್ನೂ ಸೇರಿಸಿ ಮತ್ತೆ ಕಳಿಸಿ.