ರೆಕಾರ್ಡ್‌ಗಳು ಕಾಲೇಜಿನಲ್ಲೇ ಉಳಿಯಲಿ

ಪತ್ರ: ನಾನು ಮದ್ದೂರಿನಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಪಠ್ಯಪುಸ್ತಕ, ಆರು ಲಾಂಗ್ ಬುಕ್, ಪ್ರಯೋಗಾಲಯದ ರೆಕಾರ್ಡ್‌ಗಳು, ಊಟದ ಡಬ್ಬಿ ಹೊತ್ತು ಸಂಜೆಯ ಹೊತ್ತಿಗೆ ಭುಜ ಸೋತುಹೋಗಿರುತ್ತದೆ. ಟ್ಯಾಬ್ ಕೊಂಡರೆ ಪರಿಹಾರವಾದೀತೆ?

ಸಂಪಾದಕರ ಉತ್ತರ: ಅದಕ್ಕಾಗಿ ಮನೆಯವರನ್ನು ಸಾಲಕ್ಕೆ ನೂಕಬೇಡಿ. ರೆಕಾರ್ಡನ್ನೂ ಪರೀಕ್ಷೆಯನ್ನೂ ಕಾಗದದ ಮೇಲೆಯೇ ಬರೆಯಬೇಕಾಗಿರುವಾಗ ಟ್ಯಾಬ್ ನಿಮ್ಮ ಚೀಲಕ್ಕೆ ಇನ್ನೊಂದು ವಸ್ತುವಾಗಿ ಸೇರುತ್ತದೆ, ಅಷ್ಟೇ.

ಮೊದಲು ಲಾಂಗ್ ಬುಕ್‌ಗಳತ್ತ ನೋಡಿ. 70 ಜಿಎಸ್ಎಂ ಕಾಗದವೆಂದರೆ ಒಂದು ಚದರ ಮೀಟರ್ ಹಾಳೆ 70 ಗ್ರಾಂ ತೂಗುತ್ತದೆ. ಅದರಲ್ಲಿ 16 ಎ4 ಹಾಳೆಗಳಾಗುತ್ತವೆ. ಈ ಅಳತೆಯ ಇನ್ನೂರು ಪುಟದ ಪುಸ್ತಕ, ಅಂದರೆ ನೂರು ಹಾಳೆ, ರಟ್ಟು ಬಿಟ್ಟು ಸುಮಾರು 440 ಗ್ರಾಂ. ಆರು ಸೇರಿದರೆ ಎರಡೂವರೆ ಕಿಲೋ ದಾಟಿತು. ಅದರಲ್ಲಿ ಆ ದಿನ ನೀವು ಬರೆಯುವುದು ಹತ್ತು ಹನ್ನೆರಡು ಹಾಳೆ ಮಾತ್ರ! ತೂತು ಹಾಕಿದ ಬಿಡಿ ಹಾಳೆಗಳನ್ನು ತೆಳುವಾದ ಫೈಲಿನಲ್ಲಿ ಒಯ್ಯಿರಿ. ಪ್ರತಿ ಹಾಳೆಯ ಮೂಲೆಯಲ್ಲಿ ವಿಷಯ, ದಿನಾಂಕ, ಪುಟಸಂಖ್ಯೆ ಇರಲಿ. ಮನೆಗೆ ಬಂದ ಕೂಡಲೇ ವಿಷಯವಾರು ದಪ್ಪ ಫೈಲಿಗೆ ಸೇರಿಸಿಬಿಡಿ. ನಾಳೆ ಮಾಡೋಣವೆಂದರೆ ವಾರದೊಳಗೆ ಹಾಳೆಗಳು ಕಲಸಿಹೋಗುತ್ತವೆ.

ದಪ್ಪ ಪಠ್ಯಪುಸ್ತಕ ನಿಮ್ಮ ಸ್ವಂತದ್ದಾದರೆ ಬೈಂಡಿಂಗ್ ಅಂಗಡಿಗೆ ಒಯ್ಯಿರಿ. ಬೆನ್ನಿನ ಅಂಟು ಕತ್ತರಿಸಿ, ಘಟಕವೊಂದಕ್ಕೆ ಒಂದರಂತೆ ಸ್ಪೈರಲ್ ಹಾಕಿಕೊಡುತ್ತಾರೆ. ಅದಕ್ಕೂ ಮೊದಲು ಒಳ ಅಂಚಿನಲ್ಲಿ ಬಿಳಿ ಜಾಗ ಎಷ್ಟಿದೆಯೆಂದು ನೋಡಿಕೊಳ್ಳಿ, ಇಲ್ಲದಿದ್ದರೆ ತೂತುಗಳು ಅಕ್ಷರಗಳ ಮೇಲೆಯೇ ಬೀಳುತ್ತವೆ. ಮುಂದಿನ ವರ್ಷ ಮಾರುವ ಯೋಚನೆಯಿದ್ದರೆ ಕತ್ತರಿಸಬೇಡಿ, ಅಂಥ ಪುಸ್ತಕಕ್ಕೆ ಬೆಲೆ ಬಾರದು. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆಗಳನ್ನು ಒದಗಿಸುವ ಎನ್-ಲಿಸ್ಟ್ ಯೋಜನೆಯಲ್ಲಿ ನಿಮ್ಮ ಕಾಲೇಜು ಇದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಇದ್ದರೆ ಅದರ ಇ-ಪುಸ್ತಕಗಳು ನಿಮಗೂ ಸಿಗುತ್ತವೆ.

ಇನ್ನು ರೆಕಾರ್ಡ್‌ಗಳು. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ವಾರಕ್ಕೊಮ್ಮೆ ಸಹಿ ಬೀಳುವ ಗಟ್ಟಿ ರಟ್ಟಿನ ಪುಸ್ತಕವನ್ನು ದಿನವೂ ಮದ್ದೂರಿಗೂ ಮೈಸೂರಿಗೂ ಏಕೆ ಹೊರಬೇಕು? ನಮ್ಮ ಸರ್ಕಾರ 2019ರಲ್ಲಿ ಶಾಲಾಮಕ್ಕಳ ಚೀಲಕ್ಕೆ ತೂಕದ ಮಿತಿ ಹಾಕಿತು. ಒಂಬತ್ತು, ಹತ್ತನೇ ತರಗತಿಯವರಿಗೆ ಅದು 4ರಿಂದ 5 ಕಿಲೋ. ಆ ಆದೇಶ ಹತ್ತನೇ ತರಗತಿಗೇ ನಿಲ್ಲುತ್ತದೆ. ದೂರದ ಊರಿಗೆ ಓಡಾಟ ಶುರುವಾಗುವುದು ಅದಾದ ಮೇಲೆಯೇ. ಹಾಸ್ಟೆಲ್ಲಿನವರಿಗೆ ಪುಸ್ತಕ ಇಡಲು ಕೋಣೆಯಾದರೂ ಇದೆ, ನಿತ್ಯ ಪ್ರಯಾಣಿಕರಿಗೆ ಕಾಲೇಜಿನಲ್ಲಿ ಒಂದು ಗೂಡೂ ಇಲ್ಲ.

ಪ್ರಯೋಗಾಲಯದ ಒಂದು ಬೀರುವಿನಲ್ಲಿ ತಂಡವಾರು ರೆಕಾರ್ಡ್ ಇಡಲು ಅವಕಾಶ ಕೊಡಿ ಎಂದು ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಬರೆಯಿರಿ. ರೈಲಿನಲ್ಲೂ ಬಸ್ಸಿನಲ್ಲೂ ಬರುವ ಸಹಪಾಠಿಗಳೆಲ್ಲರ ಸಹಿ ಹಾಕಿಸಿ. ಬೀಗದ ಕೈ ಯಾರ ಬಳಿ ಇರಬೇಕು, ಬರೆಯಲು ಮನೆಗೆ ಒಯ್ಯುವಾಗ ಯಾವ ವಹಿಯಲ್ಲಿ ನಮೂದಿಸಬೇಕು ಎಂಬುದನ್ನೂ ನೀವೇ ಸೂಚಿಸಿ. ಆಗ ಬೇಡವೆನ್ನಲು ಕಾರಣ ಹುಡುಕುವುದು ಕಷ್ಟವಾಗುತ್ತದೆ.

ಅಲ್ಲಿಯವರೆಗೆ ಚೀಲದ ಎರಡೂ ಪಟ್ಟಿಗಳನ್ನು ಹೆಗಲಿಗೆ ಹಾಕಿ, ಭಾರದ ಪುಸ್ತಕ ಬೆನ್ನಿಗೆ ತಾಗುವಂತೆ ಇಡಿ. ರೈಲಿನಲ್ಲಿ ನಿಂತೇ ಬರಬೇಕಾದರೆ ಚೀಲ ಇಳಿಸಿ ಕಾಲ ಬಳಿ ಇಟ್ಟುಕೊಳ್ಳಿ. ಭುಜದ ನೋವು ರಾತ್ರಿಯೂ ಉಳಿದರೆ, ಕೈ ಜೋಮು ಹಿಡಿದರೆ, ವೈದ್ಯರಿಗೆ ತೋರಿಸಲು ತಡಮಾಡಬೇಡಿ.