ಹೆಸರು ಸ್ಪ್ಯಾನಿಷ್, ಮಾತು ಯಾಕಲ್ಲ?

ಫಿಲಿಪೀನ್ಸ್‌ನವರ ಹೆಸರೆಲ್ಲ ಸ್ಪ್ಯಾನಿಷ್, ಆದರೆ ಆ ಭಾಷೆ ಯಾಕೆ ಮಾತಾಡಲ್ಲ ಅಂತ ಕೇಳಿದ್ದೀರಿ. ಮನೆತನದ ಹೆಸರುಗಳು ಹರಡಿದ್ದು, ಸ್ಪೇನ್ ಆ ದೇಶವನ್ನು ಆಳುತ್ತಿದ್ದಾಗ, 1849ರ ಸರ್ಕಾರಿ ಆದೇಶದಿಂದ. ಗವರ್ನರ್ ಕ್ಲಾವೆರಿಯಾ ಹೆಸರುಗಳ ಪಟ್ಟಿಯನ್ನೇ ಊರೂರಿಗೆ ಹಂಚಿಸಿದ. ಕೆಲವು ಊರಿಗೆ ಒಂದೇ ಅಕ್ಷರದ ಹೆಸರುಗಳು ಸಿಕ್ಕವು. ಆಲ್ಬಾಯ್ ಪ್ರಾಂತ್ಯದ ಓವಾಸ್ ಪಟ್ಟಣದಲ್ಲಿ ಇವತ್ತಿಗೂ ಎಷ್ಟೋ ಮನೆತನದ ಹೆಸರು 'ಆರ್' ಅಕ್ಷರದಿಂದಲೇ ಶುರುವಾಗುತ್ತದೆ! ಭಾಷೆ ಕಲಿಸೋಕೆ ಮಾತ್ರ ಅಷ್ಟು ಆಸಕ್ತಿ ಇರಲಿಲ್ಲ. ಪಾದ್ರಿಗಳೇ ಸ್ಥಳೀಯ ಭಾಷೆ ಕಲಿತು ಧರ್ಮ ಬೋಧಿಸಿದರು. 1898ರ ನಂತರ ದೇಶ ಅಮೆರಿಕನ್ನರ ಕೈಗೆ ಹೋಯಿತು, ಅವರು ಶಾಲೆಗೆ ಇಂಗ್ಲಿಷ್ ತಂದರು.

ಆದರೂ ಅಲ್ಲಿನ ಮುಖ್ಯ ಭಾಷೆಯಾದ ಟಗಾಲಗ್ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. 'ಕುಮುಸ್ತಾ' ಅಂದರೆ ಹೇಗಿದ್ದೀರಿ, ಅದು ಸ್ಪ್ಯಾನಿಷ್‌ನ 'ಕೋಮೋ ಎಸ್ತಾ'. ಚಮಚ 'ಕುಚಾರಾ', ಅದೂ ಸ್ಪೇನಿನದೇ. ಆದರೆ ಭತ್ತ 'ಪಾಲಾಯ್', ಅಕ್ಕಿ 'ಬಿಗಾಸ್', ಅನ್ನ 'ಕಾನಿನ್', ಈ ಮೂರೂ ಅವರ ಸ್ವಂತದ್ದು. ನಮ್ಮ ಹಾಗೇ ಮೂರಕ್ಕೂ ಬೇರೆ ಬೇರೆ ಪದ, ಅಲ್ವಾ?